ವಸಂತಾ ನಡೆಸಿದ ಕಾಲು

ಫಿಸಿಯೋಥೆರಪಿ ಓದಿ ಹೊಸದಾಗಿ ಆಸ್ಪತ್ರೆಗೆ ಸೇರಿದ ಮಕ್ಕಳು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಕಾಫಿ ಕುಡಿಯುತ್ತಾ, "ಆಂಟಿ, ನಿಮ್ ಕಾಲದಲ್ಲಿ ಮಿಷಿನ್ ಇಲ್ದೆ ಹೇಗೆ ಮ್ಯಾನೇಜ್ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಮಿಷಿನ್ನಿನ ಕೊರತೆಯನ್ನು ಹೇಗೋ ನಿಭಾಯಿಸಿದೆವು. ನಿಭಾಯಿಸಲಾಗದೆ ಒದ್ದಾಡಿದ್ದು ಹೊಟ್ಟೆಕಿಚ್ಚಿನ ಜೊತೆ. ಪಕ್ಕದ ಮಂಚದವರು ಚೆನ್ನಾಗಿ ನಡೆದರೆ ಈ ಮಂಚದವರಿಗೆ ಸಂಕಟ. ಒಬ್ಬ ಸರ್ಜನ್ನಿಗೆ ಹೆಸರು ಬಂದರೆ ಇನ್ನೊಬ್ಬರಿಗೆ ಊಟ ಸೇರದು. ಜೊತೆಗಾತಿಯ ರೋಗಿ ಕೋಲು ಬಿಸಾಡಿದ ದಿನ ನನ್ನ ಮುಖ ನೋಡುವಂತಿರಲಿಲ್ಲ. ಇದನ್ನು ಯಾವ ತರಗತಿಯಲ್ಲೂ ಹೇಳಿಕೊಡುವುದಿಲ್ಲವಾದ್ದರಿಂದ ನಾನೇ ಬರೆದಿಡುತ್ತಿದ್ದೇನೆ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಸೇರಿದ ಆಸ್ಪತ್ರೆ ರಾಜಾಜಿನಗರದಲ್ಲಿತ್ತು. ನಮ್ಮ ವಿಭಾಗ ಎಂದರೆ ಹಿಂಭಾಗದಲ್ಲಿ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಅದರಲ್ಲಿ ಹಿಡಿದು ನಡೆಯಲು ಎರಡು ಕಬ್ಬಿಣದ ಕಂಬಿ, ಒಂದು ನಿಲುವುಗನ್ನಡಿ, ಕೈಕಾಲು ಅದ್ದಿ ಶಾಖ ಕೊಡುವ ಬಿಸಿ ಮೇಣದ ತೊಟ್ಟಿ, ಮರದ ಮೆಟ್ಟಿಲು. ಕೈಗಾರಿಕಾ ಬಡಾವಣೆಯ ಕೆಲಸಗಾರರು, ಮಾಗಡಿ ರಸ್ತೆಯ ಕಡೆಯ ರೈತರು, ಹೊಸ ಬಡಾವಣೆಗಳ ಮೇಷ್ಟ್ರುಗಳು ಎಲ್ಲರೂ ಬರುತ್ತಿದ್ದರು. ನಮ್ಮ ಕೆಲಸದ ಹೆಸರು ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ. "ಮಾಲೀಶು ಮಾಡೋ ಅಮ್ಮಂದಿರು" ಎನ್ನುತ್ತಿದ್ದರು.

ಆ ಅಮ್ಮಂದಿರಲ್ಲಿ ಒಬ್ಬಳು ನಾನು, ಸುಶೀಲಾ. ಇನ್ನೊಬ್ಬಳು ವಸಂತಾ. ಇಬ್ಬರೂ ಒಂದೇ ಕಡೆ ಓದಿದವರು, ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ ಬಂದಿತ್ತು. ಆದರೆ ರೋಗಿಯನ್ನು ಕಂಬಿಗಳ ನಡುವೆ ನಿಲ್ಲಿಸಿದ ಮೇಲೆ ಆ ಅಂಕಗಳಿಗೆ ಬೆಲೆಯಿರಲಿಲ್ಲ. ನಾನು ರೋಗಿಯ ಸೊಂಟ ಹಿಡಿದು, "ಹಿಮ್ಮಡಿ ಊರಿ, ಈಗ ಬೆರಳು, ಈಗ ಮುಂದಕ್ಕೆ" ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ವಸಂತಾ ಎದುರಿಗೆ ನಿಂತು ತಾನೇ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ, ಮನೆಯ ಸುದ್ದಿ, ಸಾರಿನ ಸುದ್ದಿ ಮಾತಾಡುತ್ತಿದ್ದಳು. ಮಾತು ಮುಗಿಯುವಷ್ಟರಲ್ಲಿ ರೋಗಿ ಕೋಣೆಯ ಆ ತುದಿ ಮುಟ್ಟಿರುತ್ತಿದ್ದ. ಅದು ಹೇಗೆ ಎಂದು ಕೇಳಿದರೆ, "ನಂಗೇ ಗೊತ್ತಿಲ್ಲ ಕಣೇ" ಎಂದು ನಗುತ್ತಿದ್ದಳು. ಗೊತ್ತಿದ್ದೂ ಬಚ್ಚಿಡುತ್ತಿದ್ದಾಳೆ ಎಂಬುದು ನನ್ನ ಅನುಮಾನವಾಗಿತ್ತು. ಹಾಗೆ ಬಚ್ಚಿಟ್ಟಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಮೂಳೆ ವಿಭಾಗದ ಮುಖ್ಯಸ್ಥರು ಡಾಕ್ಟರ್ ಶೇಷಾದ್ರಿ. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಕಾಲಿನ ಗಿಣ್ಣು, ಅಂದರೆ ಪಾದ ಕಾಲಿಗೆ ಸೇರುವ ಕೀಲು, ಸವೆದು ಹೋಗಿ ಹೆಜ್ಜೆ ಇಡಲಾಗದೆ ಬಂದವರಿಗೆ ಅವರಲ್ಲಿ ಒಂದೇ ಮದ್ದು. ಪಾದದ ಎಲುಬನ್ನೂ ಅದರ ಮೇಲಿನ ಎಲುಬನ್ನೂ ಕೆರೆದು, ಒತ್ತಿ, ಒಂದಕ್ಕೊಂದು ಬೆಸೆದುಬಿಡುವುದು. ಬೆಸೆದ ಮೇಲೆ ಕೀಲು ಎಂಬುದೇ ಇರುವುದಿಲ್ಲ, ಕೀಲಿನ ನೋವೂ ಇರುವುದಿಲ್ಲ. ಆದರೆ ಪಾದ ಮೇಲೆ ಕೆಳಗೆ ಆಡುವುದಿಲ್ಲ. ಹೆಜ್ಜೆ ಊರಿದಾಗ ಕಾಲು ಪಾದದ ಮೇಲೆ ಮುಂದಕ್ಕೆ ವಾಲಬೇಕಲ್ಲ, ಅದು ವಾಲದೆ ಗೂಟದಂತೆ ನಿಂತುಬಿಡುತ್ತದೆ. ಹಾಗಾಗಿ ಹೆಜ್ಜೆ ಚಿಕ್ಕದಾಗುತ್ತದೆ, ಪಾದ ಹೊರಕ್ಕೆ ತಿರುಗುತ್ತದೆ, ಇಳಿಜಾರಿನಲ್ಲಿ ಭಯವಾಗುತ್ತದೆ. ಅಂಥ ಕಾಲಿಗೆ ಅಟ್ಟೆಯನ್ನು ದೋಣಿಯ ತಳದ ಹಾಗೆ ಬಾಗಿಸಿದ ಪಾದರಕ್ಷೆ ಮಾಡಿಸುತ್ತಿದ್ದೆವು. ಗಿಣ್ಣು ಮಾಡಬೇಕಾದ ಕೆಲಸವನ್ನು ಅಟ್ಟೆ ಮಾಡುತ್ತಿತ್ತು.

ಹೀಗಿರುವಾಗ ಇಂಗ್ಲೆಂಡಿನಲ್ಲಿ ಕಲಿತು ಬಂದ ಡಾಕ್ಟರ್ ಮುರಳೀಧರ ನಮ್ಮಲ್ಲಿಗೆ ಸೇರಿದರು. ಮೊದಲ ವಾರವೇ ಅವರು ನಮ್ಮ ಕೋಣೆಗೆ ಬಂದು ಒಂದು ಡಬ್ಬಿ ತೆರೆದರು. ಅದರಲ್ಲಿ ಹೊಳೆಯುವ ಲೋಹದ ಒಂದು ತುಂಡು, ಬಿಳಿ ಪ್ಲಾಸ್ಟಿಕ್ಕಿನ ಇನ್ನೊಂದು ತುಂಡು. ಒಂದರ ಮೇಲೊಂದು ಇಟ್ಟು ಆಡಿಸಿದರು. ಸುಮ್ಮನೆ ಜಾರಿತು.

"ಇದು ಗಿಣ್ಣು. ಸವೆದಿದ್ದನ್ನ ತೆಗೆದು ಇದನ್ನ ಸಿಮೆಂಟ್ ಹಾಕಿ ಕೂರಿಸೋದು. ಬೆಸೆಯೋ ಹಾಗೇ ಇಲ್ಲ. ಪಾದ ಆಡುತ್ತೆ" ಎಂದರು.

ಶೇಷಾದ್ರಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಎಷ್ಟು ವರ್ಷ ಆಡುತ್ತೆ?" ಎಂದು ಕೇಳಿದರು.

"ಅಲ್ಲೂ ಈಗ ತಾನೇ ಶುರು ಮಾಡಿದಾರೆ ಸಾರ್. ಇನ್ನೂ ಯಾರಿಗೂ ಗೊತ್ತಿಲ್ಲ."

"ಹೂಂ" ಎಂದು ಅವರು ಹೊರಟುಹೋದರು. ಆ ಹೂಂಕಾರ ನನಗೆ ಚೆನ್ನಾಗಿ ಅರ್ಥವಾಯಿತು. ಅದರಲ್ಲಿ ಅರ್ಧ ವಿವೇಕ, ಅರ್ಧ ಉರಿ.

ಮುರಳೀಧರ ನಮ್ಮಿಬ್ಬರ ಕೆಲಸವನ್ನೂ ಕೆಲವು ದಿನ ಗಮನಿಸಿದರು. ಆಮೇಲೆ, "ನನ್ನ ಕೇಸುಗಳನ್ನ ವಸಂತಾ ನಡೆಸ್ಲಿ" ಎಂದರು. ನನ್ನ ಎದುರಿಗೇ ಅಂದರು. ಬೆಸೆದ ಕಾಲುಗಳೆಲ್ಲ ನನಗೆ ಉಳಿದವು.

ಅವರು ಆರಿಸಿಕೊಂಡ ಮೊದಲ ರೋಗಿ ಲಲಿತಾ. ವಿಜಯನಗರದವರು, ಪ್ರಾಥಮಿಕ ಶಾಲೆಯ ಟೀಚರ್. ಸಂಧಿವಾತ ಬಲಗಾಲಿನ ಗಿಣ್ಣನ್ನು ತಿಂದುಹಾಕಿತ್ತು. ಮೈ ಹಗುರ, ಭಾರ ಹೊರುವ ಕೆಲಸವಿಲ್ಲ, ಹೇಳಿದ ಮಾತು ಕೇಳುವವರು. ಹೊಸ ಗಿಣ್ಣಿಗೆ ಇಂಥವರೇ ಬೇಕು ಎಂದು ಮುರಳೀಧರ ಹೇಳಿದರು.

ಅದೇ ವಾರ್ಡಿನ ಪಕ್ಕದ ಮಂಚದಲ್ಲಿ ಗೌರಮ್ಮ ಇದ್ದಳು. ಕೆಂಗೇರಿಯ ಆಚೆಯ ಹಳ್ಳಿಯವಳು. ಎತ್ತಿನ ಗಾಡಿಯ ಚಕ್ರ ಕಾಲ ಮೇಲೆ ಹತ್ತಿ, ನಾಟಿ ಕಟ್ಟು ಹಾಕಿಸಿ, ಗಿಣ್ಣು ಸೊಟ್ಟಗೆ ಕೂಡಿಕೊಂಡು ವರ್ಷಗಳಾಗಿದ್ದವು. ಶೇಷಾದ್ರಿಯವರು ಬೆಸೆಯುವುದೆಂದು ತೀರ್ಮಾನಿಸಿದ್ದರು. ಅಂದರೆ ಗೌರಮ್ಮ ನನ್ನ ಪಾಲಿಗೆ.

ಪಕ್ಕದವರಿಗೆ ಆಡುವ ಗಿಣ್ಣು ಹಾಕುತ್ತಾರೆಂಬ ಸುದ್ದಿ ಗೌರಮ್ಮನಿಗೆ ಮುಟ್ಟಲು ಹೊತ್ತಾಗಲಿಲ್ಲ. ನನ್ನ ಸೆರಗು ಹಿಡಿದು ಕೂರಿಸಿಕೊಂಡಳು.

"ಏನವ್ವ, ಆಯಮ್ಮ ಕುರ್ಚಿ ಮ್ಯಾಲೆ ಕುಂತು ಪಾಠ ಹೇಳೋರು. ಅವರಿಗೆ ಮಡಿಸೋ ಕಾಲ್ಯಾಕೆ? ನಾನು ಒಲೆ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು, ಕಳೆ ಕೀಳಬೇಕು, ಹಸು ಹಾಲು ಕರೀಬೇಕು. ನನ್ ಕಾಲು ಮಾತ್ರ ಗೂಟ ಮಾಡ್ತೀರಾ?"

"ನೀವು ಭಾರ ಹೊರೋರು ಗೌರಮ್ಮ. ಆ ಸಾಮಾನು ನಿಮ್ಮ ಕೆಲಸಕ್ಕೆ ತಡೆಯಲ್ಲ" ಎಂದೆ.

"ತಡೀದಿದ್ರೆ ನಾನು ನೋಡ್ಕತೀನಿ. ಹಾಕ್ಸಿ."

ಅವಳ ಹಠಕ್ಕೆ ಕಾರಣವಿತ್ತು. ಕಾಲು ಕೆಟ್ಟ ಮೇಲೆ ಹಾಲು ಕರೆಯುವ ಕೆಲಸ ಅವಳ ವಾರಗಿತ್ತಿಯ ಕೈಗೆ ಹೋಗಿತ್ತು. ಹಾಲಿನ ಜೊತೆ ಅಡುಗೆಮನೆ, ಅಡುಗೆಮನೆಯ ಜೊತೆ ಮಾತು, ಒಂದೊಂದಾಗಿ ಆ ಕಡೆ ಸರಿದಿದ್ದವು. "ಈಗ ಆ ಹಸೂನೂ ಅವಳು ಬಂದ್ರೇ ಅಂಬಾ ಅನ್ನುತ್ತೆ ಕಣವ್ವ" ಎಂದು ಕಣ್ಣೊರೆಸಿಕೊಂಡಳು. ನಾನು ಅವಳ ಮಾತನ್ನು ಶೇಷಾದ್ರಿಯವರಿಗೆ ಹೇಳಿದೆ. "ಆ ಸಾಮಾನು ಎರಡು ವರ್ಷದಲ್ಲಿ ಕಿತ್ಕೊಂಡು ಬಂದ್ರೆ ಆಕೆ ಮನೇಲಿ ಇರೋ ಸ್ಥಾನಾನೂ ಹೋಗುತ್ತೆ. ಬೆಸೆಯೋದೇ ಸರಿ" ಎಂದರು. ಅದು ಸರಿಯೇ ಎಂದು ನನಗೂ ತೋರಿತು. ಆದರೂ ಡಬ್ಬಿಯಲ್ಲಿದ್ದ ಆ ಹೊಳೆಯುವ ತುಂಡು ನನ್ನ ಕಣ್ಣ ಮುಂದೆ ಸುಳಿಯುತ್ತಲೇ ಇತ್ತು.

ಎರಡೂ ಆಪರೇಷನ್ ಆದವು. ಪ್ಲಾಸ್ಟರನ್ನು ಲಲಿತಾಗೆ ಬೇಗ ಬಿಚ್ಚಿದರು, ಗೌರಮ್ಮನಿಗೆ ಬಹಳ ತಡವಾಗಿ. ಲಲಿತಾ ವಸಂತಾಳ ಎದುರು ಕೋಲು ಹಿಡಿದು ನಡೆಯತೊಡಗಿದಾಗ ಗೌರಮ್ಮ ಇನ್ನೂ ತೊಡೆಯ ಬಲದ ವ್ಯಾಯಾಮದಲ್ಲೇ ಇದ್ದಳು. ಮಲಗಿದಲ್ಲಿಂದಲೇ ಇಣುಕಿ ನೋಡಿ ಮುಖ ತಿರುಗಿಸುತ್ತಿದ್ದಳು. ನಾನೂ ಅಷ್ಟೇ.

ಆ ನಡಿಗೆಯನ್ನು ಹೇಗೆ ವರ್ಣಿಸಲಿ? ಹುಟ್ಟಿದ ಗಿಣ್ಣಿನಷ್ಟು ಅದು ಆಡುತ್ತಿರಲಿಲ್ಲ. ಆದರೆ ಹಿಮ್ಮಡಿ ಊರಿದ ಮೇಲೆ ಅಂಗಾಲು ಮೆಲ್ಲಗೆ ನೆಲಕ್ಕೆ ತಾಗುತ್ತಿತ್ತು, ಕಾಲು ಅದರ ಮೇಲೆ ಮುಂದಕ್ಕೆ ವಾಲುತ್ತಿತ್ತು, ಬೆರಳು ನೆಲ ಒತ್ತಿ ಏಳುತ್ತಿದ್ದವು. ಎಡಹೆಜ್ಜೆ ಬಲಹೆಜ್ಜೆ ಸಮನಾಗಿ ಬೀಳುತ್ತಿದ್ದವು. ಕಣ್ಣು ಮುಚ್ಚಿ ಕೇಳಿದರೆ ಯಾವುದು ಆಪರೇಷನ್ ಆದ ಕಾಲೆಂದು ಹೇಳಲಾಗುತ್ತಿರಲಿಲ್ಲ. ನಾನು ನಡೆಸಿದ ಕಾಲುಗಳಲ್ಲಿ ಒಂದಕ್ಕೂ ಅಂಥ ಸದ್ದಿರಲಿಲ್ಲ. ಅದು ಗಿಣ್ಣಿನ ಗುಣ, ವಸಂತಾಳದ್ದೇನೂ ಇಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳು ರಜೆ ಹಾಕಿದ ದಿನ ಲಲಿತಾರನ್ನು ನಾನು ನಡೆಸಿದೆ. ಅದೇ ಗಿಣ್ಣು, ಅದೇ ಕಂಬಿ. ಹೆಜ್ಜೆ ಮಾತ್ರ ತಡವರಿಸಿತು. "ಪರವಾಗಿಲ್ಲ ಮೇಡಂ, ನಾಳೆ ವಸಂತಾ ಮೇಡಂ ಬರ್ತಾರಲ್ಲ" ಎಂದು ಲಲಿತಾ ನನಗೇ ಧೈರ್ಯ ಹೇಳಿದರು.

ಗೌರಮ್ಮನಿಗೆ ಬಾಗಿದ ಅಟ್ಟೆಯ ಚಪ್ಪಲಿ ಮಾಡಿಸಿದ್ದು ಒಂದು ಪ್ರಸಂಗ. ಶೂ ಹಾಕಲು ಅವಳು ಸುತರಾಂ ಒಪ್ಪಲಿಲ್ಲ. ಚಪ್ಪಲಿಗೇ ಅಟ್ಟೆ ಕಟ್ಟಿಸಿ ಕೊಟ್ಟು ಊರಿಗೆ ಕಳಿಸಿದೆವು. ಮುಂದಿನ ಬಾರಿ ಬಂದಾಗ ಹಳೆಯ ಹಾಗೇ ಕುಂಟುತ್ತಿದ್ದಳು. ನೋಡಿದರೆ ಅಟ್ಟೆ ಚಪ್ಪಟೆಯಾಗಿತ್ತು. ಅವಳ ಗಂಡ, "ಪಟ್ಣದೋರು ಅಟ್ಟೆ ಸೊಟ್ಟಗೆ ಹೊಲ್ದಿದ್ರು ಕಣಮ್ಮ, ಉಳೀಲಿ ಕೆತ್ತಿ ನಾನೇ ಸಮ ಮಾಡ್ದೆ" ಎಂದು ಹೆಮ್ಮೆಯಿಂದ ಹೇಳಿದ. ಇನ್ನೊಂದು ಜೊತೆ ಮಾಡಿಸಿದೆವು. ಅಂದಿನಿಂದ ಪಾದರಕ್ಷೆ ಕೊಡುವಾಗ ಮನೆಯವರನ್ನೂ ಕೂರಿಸಿಕೊಂಡು ಹೇಳುವುದು ನನಗೆ ರೂಢಿಯಾಯಿತು. ಈಗಿನವರೂ ಹಾಗೇ ಮಾಡಿ.

ಒಂದು ದಿನ ಇಬ್ಬರೂ ಒಟ್ಟಿಗೆ ಕೋಣೆಯಲ್ಲಿದ್ದರು. ಗೌರಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು.

"ಮೇಡಮ್ಮ, ತೆಪ್ಪು ತಿಳೀಬ್ಯಾಡಿ. ಒಂದ್ಸಲ ಕುಕ್ಕರಗಾಲಲ್ಲಿ ಕುಂತು ತೋರಿಸ್ತೀರಾ? ನೋಡಬೇಕು ಅಂತ ಆಸೆ."

ಲಲಿತಾ ವಸಂತಾಳ ಮುಖ ನೋಡಿದರು. ಕಂಬಿ ಹಿಡಿದು ಮೆಲ್ಲಗೆ ಕೆಳಕ್ಕೆ ಇಳಿಯತೊಡಗಿದರು. ಮೊಣಕಾಲು ಸ್ವಲ್ಪ ಮಡಿಯುತ್ತಿದ್ದಂತೆ ಹಿಮ್ಮಡಿ ನೆಲ ಬಿಟ್ಟಿತು. ಅಲ್ಲಿಗೇ ನಿಂತರು.

"ಆಗಲ್ಲ ಗೌರಮ್ಮ. ನಡೆಯೋಕೆ ಸಾಕಾಗುವಷ್ಟು ಆಡುತ್ತೆ, ಕೂರೋವಷ್ಟು ಆಡಲ್ಲ. ನಂಗೂ ಮನೇಲಿ ಸ್ಟೂಲೇ ಗತಿ."

ಗೌರಮ್ಮನ ಮುಖ ಅರಳಿದ್ದನ್ನು ನೋಡಬೇಕಿತ್ತು! "ಹಂಗಾರೆ ನಿಮಗೂ ಆಗಾಕಿಲ್ವಾ?" ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಳು. ಅಂದೇ ನನ್ನ ಹತ್ತಿರ ಸ್ಟೂಲಿನ ಅಳತೆ ಕೇಳಿದಳು. ಮುಂದಿನ ಭೇಟಿಯಲ್ಲಿ ಬಂದು, ಸ್ಟೂಲಿನ ಮೇಲೆ ಕುಳಿತು ಆ ಕಾಲನ್ನು ಪಕ್ಕಕ್ಕೆ ಚಾಚಿ ಹಾಲು ಕರೆಯುತ್ತಿದ್ದೇನೆಂದಳು. ಹಸು ಮೊದಲು ಸ್ಟೂಲನ್ನು ಒದ್ದು ಬೀಳಿಸಿತಂತೆ. ಆಮೇಲೆ ಒಗ್ಗಿಕೊಂಡಿತು. "ವಾರಗಿತ್ತಿ ಮಕ ಊದಿಸ್ಕಂಡವಳೆ" ಎಂದು ಅವಳು ಹೇಳಿದ ಧಾಟಿಯಲ್ಲಿ ಬಹಳ ದಿನಗಳ ಬಾಕಿ ತೀರಿದ ತೃಪ್ತಿಯಿತ್ತು.

ನನಗೆ ಅಂಥ ತೃಪ್ತಿ ಸಿಗಲಿಲ್ಲ. ಊರಿನ ಬೇರೆ ಬೇರೆ ಆಸ್ಪತ್ರೆಗಳ ಮೂಳೆ ಡಾಕ್ಟರುಗಳು ಒಂದು ಶನಿವಾರ ಹೊಸ ಗಿಣ್ಣನ್ನು ನೋಡಲು ಬಂದರು. ಮುರಳೀಧರ ಇಂಗ್ಲಿಷಿನಲ್ಲಿ ವಿವರಿಸಿದರು. ವಸಂತಾ ಬಿಳಿ ಸೀರೆ ಉಟ್ಟು ಗೋಡೆಗೆ ಒರಗಿ ನಿಂತಿದ್ದಳು. ಲಲಿತಾ ಕೋಲಿಲ್ಲದೆ ಕೋಣೆಯುದ್ದ ನಡೆದು, ತಿರುಗಿ, ಮರದ ಮೆಟ್ಟಿಲು ಹತ್ತಿ, ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಶೇಷಾದ್ರಿಯವರು ಇದ್ದಕ್ಕಿದ್ದಂತೆ, "ಸುಶೀಲಾ, ನಿಮ್ಮ ಪೇಷೆಂಟನ್ನೂ ಕರ್ಕೊಂಡು ಬನ್ನಿ" ಎಂದರು.

ಗೌರಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬಂದು ಅಷ್ಟು ಜನ ಗಂಡಸರನ್ನು ಕಂಡು ಸೆರಗು ಹೊದ್ದುಕೊಂಡಳು. ಬಾಗಿದ ಅಟ್ಟೆಯ ಮೇಲೆ ತೂಗುತ್ತಾ, ಪಾದ ಸ್ವಲ್ಪ ಹೊರಕ್ಕೆ ಹಾಕುತ್ತಾ ನಡೆದಳು. ಸ್ಥಿರವಾದ ನಡಿಗೆ, ಆದರೆ ಈಗ ತಾನೇ ಲಲಿತಾರನ್ನು ನೋಡಿದ ಕಣ್ಣುಗಳಿಗೆ ಅದು ಏನೂ ಅಲ್ಲ. ಮೆಟ್ಟಿಲು ಹತ್ತಿದಳು. ಇಳಿಯುವಾಗ ಎರಡೂ ಕಾಲನ್ನು ಒಂದೇ ಮೆಟ್ಟಿಲಿಗೆ ತಂದು ತಂದು ಇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಡಾಕ್ಟರು ಸೌಜನ್ಯಕ್ಕೆಂಬಂತೆ, "ಈಗ ಹೇಗಿದೆಯಮ್ಮ?" ಎಂದು ಕೇಳಿದರು.

"ನೋವಿಲ್ಲ ಸಾಮಿ" ಎಂದಳು. ಸ್ವಲ್ಪ ತಡೆದು, "ಅಷ್ಟೇಯ" ಎಂದಳು.

ಶೇಷಾದ್ರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಗೌರಮ್ಮನ ಕೈಹಿಡಿದು ಹೊರಗೆ ಕರೆತಂದೆ. ನಮ್ಮ ಮೂವರ ಹೊಟ್ಟೆಯಲ್ಲೂ ಒಂದೇ ಬೆಂಕಿ ಇತ್ತು.

ಅದಾಗಿ ಬಹಳ ದಿನ ಕಳೆಯುವ ಮೊದಲೇ ಮುರಳೀಧರ ಮತ್ತೆ ಇಂಗ್ಲೆಂಡಿಗೆ ಹೊರಟರು. ತಾವು ಸೇರಲಿದ್ದ ಆಸ್ಪತ್ರೆಯಲ್ಲಿ ವಸಂತಾಳ ಬಗ್ಗೆ ಹೇಳಿ, ಅವಳಿಗೂ ಅಲ್ಲಿ ಕೆಲಸ ಸಿಗುವ ಹಾಗೆ ಮಾಡಿದರು. ಕ್ಯಾಂಟೀನಿನಲ್ಲಿ ಅವಳೇ ನನಗೆ ಹೇಳಿದಳು. ಹೇಳುವಾಗ ನನ್ನ ಕೈ ಹಿಡಿದುಕೊಂಡಿದ್ದಳು. "ನೀನೂ ಬಾರೇ, ಹೇಳ್ತೀನಿ ಅವರಿಗೆ" ಎಂದಳು. ಅವಳು ಮನಃಪೂರ್ವಕವಾಗಿಯೇ ಹೇಳಿದ್ದು. ಅದೇ ಸಹಿಸಲಾಗಲಿಲ್ಲ. ಎದುರಿಗಿದ್ದ ಉಪ್ಪಿಟ್ಟನ್ನು ನಾನು ಮುಟ್ಟದೆ ಎದ್ದು ಬಂದೆ.

ಆ ದಶಕ ಮುಗಿಯುತ್ತಾ ಬಂದ ಹೊತ್ತಿಗೆ ಒಂದು ಬೆಳಗ್ಗೆ ಲಲಿತಾ ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಮತ್ತೆ ಕೋಲು ಬಂದಿತ್ತು.

"ವಸಂತಾ ಮೇಡಂ ಇಲ್ವಾ?" ಎಂಬುದು ಅವರ ಮೊದಲ ಮಾತು.

"ಅವರು ಹೋಗಿ ತುಂಬಾ ದಿನ ಆಯ್ತಲ್ಲ ಲಲಿತಾ."

"ಗೊತ್ತು. ಆದ್ರೂ ಅಭ್ಯಾಸ, ಕೇಳ್ಬಿಟ್ಟೆ. ಸುಶೀಲಾ ಮೇಡಂ, ಕಾಲು ಊರಿದ್ರೆ ಪ್ರಾಣ ಹೋಗುತ್ತೆ."

ಎಕ್ಸ್‌ರೇಯಲ್ಲಿ ಸಿಮೆಂಟಿನ ಸುತ್ತ ಕಪ್ಪು ಗೆರೆ ಮೂಡಿತ್ತು. ಗಿಣ್ಣು ಎಲುಬಿನಿಂದ ಸಡಿಲಾಗಿ ವಾಲಿತ್ತು. ಆ ಕಾಲದ ಅಂಥ ಗಿಣ್ಣುಗಳು ಬೇರೆ ಕಡೆಯೂ ಹೀಗೇ ಸಡಿಲಾಗುತ್ತಿವೆ ಎಂಬ ಸುದ್ದಿ ಆಗಲೇ ಹರಡಿತ್ತು. ಶೇಷಾದ್ರಿಯವರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಈಗ ಅವರು ಏನು ಹೇಳುತ್ತಾರೆಂದು ನಾನು ಕಿವಿಗೊಟ್ಟು ಕಾದೆ. 'ನಾನು ಆಗಲೇ ಅಂದಿರಲಿಲ್ಲವೇ' ಎಂಬ ಮಾತು ನನಗೂ ಬೇಕಾಗಿತ್ತು.

"ಎಷ್ಟು ನೇರವಾಗಿ ಕೂರಿಸಿದ್ದ ನೋಡಿ ಹುಡುಗ" ಎಂದರು. "ಸಾಮಾನು ಸೋತಿದೆ. ಕೈ ಸೋತಿಲ್ಲ. ನನ್ನ ಕೈಲಿ ಹೀಗೆ ಕೂರಿಸೋಕೆ ಆಗ್ತಿರಲಿಲ್ಲ."

ಅವರೇ ಆ ಗಿಣ್ಣನ್ನು ಹೊರತೆಗೆದರು. ಉಳಿದ ಖಾಲಿ ಜಾಗಕ್ಕೆ ಸೊಂಟದ ಎಲುಬಿನ ತುಂಡನ್ನಿಟ್ಟು ಬೆಸೆದರು. ತಿಂಗಳುಗಟ್ಟಲೆ ಪ್ಲಾಸ್ಟರು. ಕಾಲು ಒಂದಿಷ್ಟು ಗಿಡ್ಡವಾಯಿತು. ಲಲಿತಾ ಕೊನೆಗೂ ನನ್ನ ಕಂಬಿಗಳ ನಡುವೆ ಬಂದು ನಿಂತರು.

ಗೌರಮ್ಮ ವರ್ಷಕ್ಕೊಮ್ಮೆ ಅಟ್ಟೆ ಬದಲಿಸಲು ಬರುತ್ತಿದ್ದಳು. ಹಾಗೆ ಬಂದವಳು ಲಲಿತಾರ ಕಾಲಿನ ಬಾಗಿದ ಅಟ್ಟೆ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನಾನು ನಡೆದದ್ದೆಲ್ಲ ಹೇಳಿದೆ. ಅವಳು ಲಲಿತಾರ ಪಕ್ಕ ಕೂತಳು.

"ಅಯ್ಯೋ, ಎಲ್ಡು ಸಲ ಕುಯ್ಸ್ಕಂಡ್ರಲ್ಲ ಮೇಡಮ್ಮ! ಮೊದ್ಲೇ ನನ್ನಂಗೆ ಬೆಸೆಸ್ಕಂಡಿದ್ರೆ ಆಗ್ತಿತ್ತು" ಎಂದಳು. ಮಾತಿನಲ್ಲಿ ಮರುಕವಿತ್ತು, ಜೊತೆಗೆ ಸಣ್ಣ ಗೆಲುವೂ ಇತ್ತು.

ಲಲಿತಾ ತಲೆಯಲ್ಲಾಡಿಸಿದರು. "ಇಲ್ಲ ಗೌರಮ್ಮ. ಈಗ ಕೇಳಿದ್ರೂ ಮೊದಲು ಅದನ್ನೇ ಹಾಕಿಸ್ಕೋತೀನಿ ಅಂತೀನಿ."

"ಇಷ್ಟು ನೋವು ತಿಂದ ಮ್ಯಾಲೂವೇ?"

"ಹೂಂ. ಸ್ಕೂಲಲ್ಲಿ ಮಹಡಿ ಮೇಲಿನ ಕ್ಲಾಸ್ ಕೊಡಿ ಅಂತ ನಾನೇ ಕೇಳಿ ತಗೊಂಡಿದ್ದೆ. ಸಂಜೆ ಯಜಮಾನರ ಜೊತೆ ಹೆಜ್ಜೆ ಹಾಕ್ಕೊಂಡು ಮಾರ್ಕೆಟ್ಟಿಗೆ ಹೋಗ್ತಿದ್ದೆ. ಮುಂಚೆ ಅವರು ಮುಂದೆ ಹೋಗಿ ನಿಂತು ಕಾಯ್ಬೇಕಿತ್ತು." ಅವರು ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಮೇಡಂ, ಬೈಬೇಡಿ. ಓಡಬಾರದು ಅಂದಿದ್ರಲ್ಲ ಡಾಕ್ಟ್ರು? ಒಂದ್ಸಲ ವಿಜಯನಗರದ ಸ್ಟಾಪಲ್ಲಿ ಬಸ್ಸು ಹೊರಟುಬಿಡ್ತು. ಓಡಿದೆ. ಓಡಿ ಹತ್ತಿದೆ. ಕಂಡಕ್ಟರ್ ಬೈದ. ನಂಗೆ ಎಷ್ಟು ಖುಷಿಯಾಯ್ತು ಅಂದ್ರೆ, ಟಿಕೆಟ್ ಕೇಳಿದ್ರೂ ಮಾತೇ ಹೊರಡಲಿಲ್ಲ."

ಗೌರಮ್ಮ ತನ್ನ ಪಾದವನ್ನು ನೋಡಿಕೊಂಡಳು. ಅಷ್ಟು ವರ್ಷಗಳಿಂದ ನೋವಿಲ್ಲದೆ ಹೊಲ, ಕೊಟ್ಟಿಗೆ, ಸಂತೆ ಎಲ್ಲ ಸುತ್ತಿ ಬಂದ ಪಾದ ಅದು. ಎದ್ದು ಹೊರಡುವಾಗ ನನ್ನ ಹತ್ತಿರ ಬಂದು ಪಿಸುದನಿಯಲ್ಲಿ, "ಓಡವಳೆ ಕಣವ್ವ ಆಯಮ್ಮ" ಎಂದಳು. ಗೆಲುವಿನ ಸುಳಿವೂ ಆ ದನಿಯಲ್ಲಿ ಉಳಿದಿರಲಿಲ್ಲ. ಗಿಣ್ಣು ಕಿತ್ತು ಬಂದರೂ ಗೌರಮ್ಮನ ಹೊಟ್ಟೆಕಿಚ್ಚು ಆರಲಿಲ್ಲ. ಅದು ಆರುತ್ತದೆಂದು ನಾನೂ ನಂಬಿದ್ದೆನಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಲಲಿತಾರ ಎರಡನೆಯ ನಡಿಗೆಗೆ ನಾನು ಪಟ್ಟ ಪಾಡನ್ನು ಬೇರೆ ಯಾರಿಗಾಗಿಯೂ ಪಟ್ಟಿಲ್ಲ. ಗಿಡ್ಡವಾದ ಕಾಲಿಗೆ ಹಿಮ್ಮಡಿ ಎತ್ತರಿಸಿದೆ. ಅಟ್ಟೆಯ ಬಾಗು ಎಲ್ಲಿ ಶುರುವಾಗಬೇಕೆಂದು ಚಮ್ಮಾರರ ಮುಂದೆ ಕೂತು ಮತ್ತೆ ಮತ್ತೆ ತಿದ್ದಿಸಿದೆ. ಪಾದದ ಮುಂಭಾಗದ ಸಣ್ಣ ಕೀಲುಗಳು ಸ್ವಲ್ಪವಾದರೂ ಆಡಲು ಕಲಿಯಲೆಂದು ದಿನವೂ ಕೈಯಾರೆ ಆಡಿಸಿದೆ. ಮೆಟ್ಟಿಲು ಇಳಿಯುವುದನ್ನು ಪಕ್ಕವಾಗಿ ತಿರುಗಿ ಅಭ್ಯಾಸ ಮಾಡಿಸಿದೆ. ಗಂಟಲು ಹರಿದುಕೊಳ್ಳುವುದನ್ನು ಬಿಟ್ಟು, ಎದುರಿಗೆ ನಿಂತು ಹಿಂದಕ್ಕೆ ನಡೆಯುತ್ತಾ ಸಾರಿನ ಸುದ್ದಿ ಮಾತಾಡುವುದನ್ನೂ ಪ್ರಯತ್ನಿಸಿದೆ. ಕೊನೆಗೆ ಆ ಕಾಲು ನಡೆಯಿತು. ಬೆಸೆದ ಕಾಲು ಅಷ್ಟು ಚೆನ್ನಾಗಿ ನಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಚಿಕ್ಕ ಹೆಜ್ಜೆ, ಆದರೆ ಎರಡೂ ಸಮ. ಸೊಂಟ ಕುಸಿಯುತ್ತಿರಲಿಲ್ಲ.

ಒಂದು ದಿನ ಶೇಷಾದ್ರಿಯವರು ವಾರ್ಡಿನಿಂದ ಬರುತ್ತಾ ಬಾಗಿಲಲ್ಲಿ ನಿಂತರು. ಲಲಿತಾ ಕೋಣೆಯ ಆ ತುದಿಗೆ ಹೋಗಿ ತಿರುಗಿ ಬರುವವರೆಗೂ ನೋಡಿದರು. ನಾನು ಸೇರಿದ ದಿನದಿಂದ ಅವರ ಬಾಯಲ್ಲಿ ಕೇಳದ ಮಾತನ್ನು ಹೇಳಿದರು.

"ತುಂಬಾ ಚೆನ್ನಾಗಿದೆ ನಡಿಗೆ. ನನ್ನ ಬೆಸೆದ ಕಾಲು ಹೀಗೆ ನಡೆಯುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ. ಹೇಗೆ ಕಲಿತ್ರಮ್ಮ?"

ಲಲಿತಾ ಬೆವರೊರೆಸಿಕೊಂಡು ನಕ್ಕರು. "ಎಲ್ಲಾ ವಸಂತಾ ಮೇಡಂ ಹೇಳಿಕೊಟ್ಟಿದ್ದೇ ಸಾರ್. ಕಾಲು ಮರೆತ್ರೂ ನಾನು ಮರೆತಿಲ್ಲ."

"ಹೌದು, ಹೌದು. ಆ ಹುಡುಗಿ ಕೈಗುಣವೇ ಬೇರೆ" ಎಂದು ಶೇಷಾದ್ರಿಯವರು ತಲೆದೂಗಿ ಹೊರಟುಹೋದರು.

ನಾನು ಲಲಿತಾರ ಕೈಯಿಂದ ಟವೆಲ್ ತೆಗೆದುಕೊಂಡು ಪಕ್ಕಕ್ಕಿಟ್ಟೆ. ಅವರನ್ನು ಮತ್ತೆ ಕಂಬಿಗಳ ನಡುವೆ ಕರೆತಂದು ನಿಲ್ಲಿಸಿ, "ಬನ್ನಿ ಲಲಿತಾ, ಮೊದಲಿಂದ ನಡೀರಿ" ಎಂದೆ.